ಫ್ಯಾಂಟಸಿ ಹಾಕಿ ಡ್ರಾಫ್ಟ್: ಅಡಿಕೆ ಗುಡ್ಡೆ ಹಾಕಿದ ಹಾಗೆ ಆಟಗಾರರ ಪಟ್ಟಿ ಮಾಡುವುದು

ಶಿರಸಿ ಕಡೆ ಹಾಕಿ ಅಂದರೆ ಜನ ಕೊಡಗು ಅನ್ನುತ್ತಾರೆ. ಐಸ್ ಅಂದರೆ ಕಾರವಾರದ ಬೈತಖೋಲ ಬಂದರಿನಿಂದ ನೀರು ಸೋರಿಸುತ್ತ ಘಟ್ಟ ಹತ್ತುವ ಮೀನಿನ ಲಾರಿ ನೆನಪಾಗುತ್ತದೆ. ಇವೆರಡನ್ನೂ ಸೇರಿಸಿದ ಐಸ್ ಹಾಕಿ ನಮ್ಮನೆಗೆ ಬಂದದ್ದು ಟೊರಾಂಟೊದಲ್ಲಿರುವ ಭಾವನ ದೆಸೆಯಿಂದ. ಅಲ್ಲಿಯ ಚಳಿಗಾಲದಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಅವನು ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ನೋಡಲು ಶುರು ಮಾಡಿದ, ಒಬ್ಬನೇ ನೋಡಿ ಬೇಜಾರಾಗಿ ನಮ್ಮನ್ನೂ ಎಳೆದ. ಈಗ ನಮ್ಮದೊಂದು ಹತ್ತು ಜನರ ಫ್ಯಾಂಟಸಿ ಲೀಗ್ ಇದೆ. ಅಂದರೆ ನಿಜವಾದ ಆಟಗಾರರನ್ನು ನಮ್ಮ ನಮ್ಮ ತಂಡಕ್ಕೆ ಆರಿಸಿಕೊಳ್ಳುವುದು, ಅವರು ಪಂದ್ಯದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ, ಬೆಂಗಳೂರು ಹೀಗೆ ಹರಡಿಕೊಂಡಿರುವ ದಾಯಾದಿಗಳು ಮತ್ತು ಗೆಳೆಯರು. ದುಡ್ಡಿನ ವ್ಯವಹಾರ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ನಿಷೇಧಿಸಿದೆ, ನಮ್ಮಲ್ಲಿ ಅದಕ್ಕೂ ಮೊದಲೇ ಇರಲಿಲ್ಲ. ಕೊನೆಯ ಸ್ಥಾನಕ್ಕೆ ಬಂದವನು ಗೆದ್ದವನ ಮನೆಗೆ ಒಂದು ಡಬ್ಬಿ ತೊಡದೇವು ಮುಟ್ಟಿಸಬೇಕು, ಅಷ್ಟೇ.

ನಾನು ಎರಡು ವರ್ಷ ಡಬ್ಬಿ ಹೊತ್ತವನು. ಆಮೇಲೆ ಬುದ್ಧಿ ಬಂತು. ಹೊಸದಾಗಿ ಸೇರುವವರಿಗೆ ಪ್ರತಿ ಸೆಪ್ಟೆಂಬರ್‌ನಲ್ಲೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿಡುತ್ತಿದ್ದೇನೆ. ಅಂಕಿಗಳೆಲ್ಲ 2024-25ರ ಸೀಸನ್‌ವರೆಗಿನವು. ನಿಮ್ಮ ಡ್ರಾಫ್ಟ್‌ಗೆ ಆ ವರ್ಷದ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಅದೇ.

ಆಟವೇ ಗೊತ್ತಿಲ್ಲದವರಿಗೆ ನಾಲ್ಕು ಮಾತು

ಎನ್‌ಎಚ್‌ಎಲ್‌ನಲ್ಲಿ 32 ತಂಡ. ಒಂದೊಂದು ತಂಡಕ್ಕೆ ಸೀಸನ್ನಿಗೆ 82 ಪಂದ್ಯ, 2026-27ರಿಂದ 84. ಈ ಲೀಗ್ ಹಂತ ಸುಮಾರು ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. ಪಂದ್ಯ 60 ನಿಮಿಷ, ಇಪ್ಪತ್ತು ನಿಮಿಷದ ಮೂರು ಭಾಗ. ಮಂಜಿನ ಮೇಲೆ ಒಂದು ತಂಡದ ಆರು ಜನ: ಒಬ್ಬ ಸೆಂಟರ್, ಎಡಬಲಕ್ಕೆ ಇಬ್ಬರು ವಿಂಗರ್, ಇಬ್ಬರು ಡಿಫೆಂಡರ್, ಒಬ್ಬ ಗೋಲಿ. (ಗೋಲಿ ಅಂದಾಗ ನಮ್ಮ ಆಯಿಗೆ ಇವತ್ತಿಗೂ ಬಣ್ಣದ ಗಾಜಿನ ಗೋಲಿಯೇ ಕಣ್ಣಿಗೆ ಬರುವುದು.) ಎದುರಾಳಿ ತಪ್ಪು ಮಾಡಿ ಒಬ್ಬ ಎರಡು ನಿಮಿಷ ಹೊರಗೆ ಕೂತರೆ ಅದು ಪವರ್ ಪ್ಲೇ, ಗೋಲಿಯನ್ನು ಬಿಟ್ಟು ಐವರ ಎದುರು ನಾಲ್ವರು. ಗೋಲ್ ಹೊಡೆದವನಿಗೆ ಗೋಲ್, ಅದಕ್ಕೆ ಮುಂಚೆ ಚೆಂಡು, ಅಲ್ಲ, ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ದಾಟಿಸಿದ ಇಬ್ಬರವರೆಗೆ ಅಸಿಸ್ಟ್.

ಡ್ರಾಫ್ಟ್ ಅಂದರೆ ಸರದಿಯಂತೆ ಒಬ್ಬೊಬ್ಬರೇ ಆಟಗಾರನನ್ನು ಆರಿಸಿಕೊಳ್ಳುವುದು. ಒಬ್ಬ ಆರಿಸಿಕೊಂಡವ ಮತ್ತೊಬ್ಬನಿಗೆ ಸಿಗುವುದಿಲ್ಲ. ಕ್ರಿಕೆಟ್ ಆ್ಯಪ್‌ಗಳಲ್ಲಿ ಎಲ್ಲರೂ ಕೊಹ್ಲಿಯನ್ನು ಇಟ್ಟುಕೊಳ್ಳುತ್ತಿದ್ದ ಹಾಗಲ್ಲ ಇದು. ಇಡೀ ಆಟದ ಕಷ್ಟವೂ ಸುಖವೂ ಇದರಲ್ಲೇ ಇದೆ.

ಒಂದು: ಆಟಗಾರರನ್ನಲ್ಲ, ಮೊದಲು ನಿಯಮ ಓದಿ

ಪಟ್ಟಿ ಮಾಡಲು ಕೂತವರು ಮಾಡುವ ಮೊದಲ ತಪ್ಪು ಅಂದರೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ "ಟಾಪ್ 200" ಇಳಿಸಿಕೊಳ್ಳುವುದು. ಆ ಪಟ್ಟಿ ಮಾಡಿದವನಿಗೆ ನಿಮ್ಮ ಲೀಗ್‌ನಲ್ಲಿ ಗೋಲ್‌ಗೆ ಎಷ್ಟು ಅಂಕ ಅಂತ ಗೊತ್ತಿಲ್ಲ.

2024-25ರ ಇಬ್ಬರನ್ನು ತೆಗೆದುಕೊಳ್ಳಿ. ಟ್ಯಾಂಪಾ ಬೇ ತಂಡದ ನಿಕಿತಾ ಕುಚೆರೋವ್ 37 ಗೋಲ್, 84 ಅಸಿಸ್ಟ್. ಎಡ್ಮಂಟನ್‌ನ ಲಿಯಾನ್ ಡ್ರೈಸೈಟಲ್ 52 ಗೋಲ್, 54 ಅಸಿಸ್ಟ್. ಗೋಲ್‌ಗೂ ಅಸಿಸ್ಟ್‌ಗೂ ಒಂದೊಂದೇ ಅಂಕ ಇಟ್ಟರೆ ಕುಚೆರೋವ್ 121, ಡ್ರೈಸೈಟಲ್ 106. ಗೋಲ್‌ಗೆ 2, ಅಸಿಸ್ಟ್‌ಗೆ 1 ಮಾಡಿ ನೋಡಿ: ಕುಚೆರೋವ್ 158, ಡ್ರೈಸೈಟಲ್ ಕೂಡ 158. ಹದಿನೈದು ಅಂಕದ ಅಂತರ ಒಂದು ನಿಯಮದಲ್ಲಿ ಕರಗಿಹೋಯಿತು. ಅದರ ಮೇಲೆ ಡ್ರೈಸೈಟಲ್ ಆಡಿದ್ದು 71 ಪಂದ್ಯ, ಕುಚೆರೋವ್ 78.

ಹಾಗಾಗಿ ಒಂದು ಹಾಳೆಯ ಮೇಲೆ ನಾಲ್ಕು ಸಂಗತಿ ಬರೆದುಕೊಂಡು ಎದುರಿಗೆ ಇಟ್ಟುಕೊಳ್ಳಿ. ಯಾವುದಕ್ಕೆ ಎಷ್ಟು ಅಂಕ. ಎಷ್ಟು ಜನರ ಲೀಗ್. ಪ್ರತಿಯೊಬ್ಬನಿಗೂ ಯಾವ ಸ್ಥಾನಕ್ಕೆ ಎಷ್ಟು ಆಟಗಾರ. ಗೆಲುವು ವಾರವಾರದ್ದೋ, ಇಡೀ ಸೀಸನ್ನಿನ ಒಟ್ಟು ಲೆಕ್ಕವೋ. ನಮ್ಮ ಲೀಗ್‌ನದ್ದು ಹೀಗಿದೆ: ಹತ್ತು ಜನ, ಇಬ್ಬರು ಸೆಂಟರ್, ಇಬ್ಬರು ಲೆಫ್ಟ್ ವಿಂಗ್, ಇಬ್ಬರು ರೈಟ್ ವಿಂಗ್, ನಾಲ್ವರು ಡಿಫೆಂಡರ್, ಇಬ್ಬರು ಗೋಲಿ, ಬೆಂಚಿನ ಮೇಲೆ ನಾಲ್ವರು. ಅಂದರೆ ಹದಿನಾರು ಸುತ್ತು, 160 ಆಟಗಾರರು. ಗೋಲ್‌ಗೆ 2, ಅಸಿಸ್ಟ್‌ಗೆ 1, ಗೋಲಿಯ ಗೆಲುವಿಗೆ 2, ಒಂದೂ ಗೋಲ್ ಬಿಡದೆ ಪಂದ್ಯ ಮುಗಿಸಿದರೆ ಇನ್ನೊಂದು 2. ಮುಂದಿನ ಲೆಕ್ಕವೆಲ್ಲ ಇದೇ ನಿಯಮದ ಮೇಲೆ.

ಎರಡು: ಮೂರು ವರ್ಷದ ಅಂಕಿ ಒಟ್ಟು ಮಾಡಿ

ಎನ್‌ಎಚ್‌ಎಲ್‌ನ ಸ್ವಂತ ಸೈಟಿನಲ್ಲಿ, ಹಾಕಿ ರೆಫರೆನ್ಸ್‌ನಲ್ಲಿ ಪ್ರತಿ ಆಟಗಾರನ ವರ್ಷವಾರು ಲೆಕ್ಕ ಪುಕ್ಕಟೆ ಸಿಗುತ್ತದೆ. ಎಕ್ಸೆಲ್ ಹಾಳೆಗೆ ಹಾಕಿಕೊಳ್ಳಿ. ಒಂದೇ ವರ್ಷದ ಅಂಕಿ ಸಾಲದು, ಮೂರು ವರ್ಷದ್ದು ಬೇಕು. ಮತ್ತು ಒಟ್ಟು ಅಂಕವಲ್ಲ, ಪಂದ್ಯಕ್ಕೆ ಎಷ್ಟು ಎಂಬುದು ಬೇಕು.

ಕಾನರ್ ಮೆಕ್‌ಡೇವಿಡ್‌ನ ಲೆಕ್ಕ ಮಾಡಿ ತೋರಿಸುತ್ತೇನೆ. 2022-23ರಲ್ಲಿ 82 ಪಂದ್ಯ, 64 ಗೋಲ್, 89 ಅಸಿಸ್ಟ್. ನಮ್ಮ ನಿಯಮದಲ್ಲಿ 217, ಪಂದ್ಯಕ್ಕೆ 2.65. 2023-24ರಲ್ಲಿ 76 ಪಂದ್ಯ, 32 ಗೋಲ್, 100 ಅಸಿಸ್ಟ್, ಪಂದ್ಯಕ್ಕೆ 2.16. 2024-25ರಲ್ಲಿ 67 ಪಂದ್ಯ, 26 ಗೋಲ್, 74 ಅಸಿಸ್ಟ್, ಪಂದ್ಯಕ್ಕೆ 1.88. ಇತ್ತೀಚಿನ ವರ್ಷಕ್ಕೆ ಮೂರು ಪಾಲು, ಅದರ ಹಿಂದಿನದಕ್ಕೆ ಎರಡು, ಅದಕ್ಕೂ ಹಿಂದಿನದಕ್ಕೆ ಒಂದು. 1.88ನ್ನು ಮೂರರಿಂದ, 2.16ನ್ನು ಎರಡರಿಂದ ಗುಣಿಸಿ, 2.65 ಕೂಡಿಸಿ, ಆರರಿಂದ ಭಾಗಿಸಿದರೆ 2.10. ಸಣ್ಣಪುಟ್ಟ ಗಾಯ ಲೆಕ್ಕ ಹಿಡಿದು 74 ಪಂದ್ಯ ಆಡುತ್ತಾನೆ ಅಂದುಕೊಂಡರೆ 155. ಹಿಂದಿನ ವರ್ಷದ ಒಟ್ಟು 126 ಮಾತ್ರ ನೋಡಿದವನಿಗೆ ಇವನು ಇಳಿದುಹೋದವನ ಹಾಗೆ ಕಾಣುತ್ತಾನೆ. ಮೂರು ವರ್ಷ ನೋಡಿದವನಿಗೆ ಕಾಣುವುದಿಲ್ಲ.

ಇದರ ಲಾಭ ಇನ್ನೂ ಚೆನ್ನಾಗಿ ಕಾಣುವುದು ಗಾಯದಿಂದ ಅರ್ಧ ಸೀಸನ್ ಹೊರಗಿದ್ದವರಲ್ಲಿ. ಮಿನೆಸೋಟಾದ ಕಿರಿಲ್ ಕಪ್ರಿಜೋವ್ 2024-25ರಲ್ಲಿ ಆಡಿದ್ದು 41 ಪಂದ್ಯ, 25 ಗೋಲ್, 31 ಅಸಿಸ್ಟ್. ಒಟ್ಟು 81 ಅಂಕ, ಪಟ್ಟಿಯಲ್ಲಿ ಎಲ್ಲೋ ಕೆಳಗೆ. ಪಂದ್ಯಕ್ಕೆ ಲೆಕ್ಕ ಹಾಕಿದರೆ 1.98. ಕುಚೆರೋವ್ 2.03! ಇಂಥವರು ಎರಡನೇ ಸುತ್ತಿನವರೆಗೂ ಉಳಿದುಕೊಂಡರೆ ಬಿಡಬೇಡಿ.

ಮೂರು: ಅದೃಷ್ಟ ಎಷ್ಟು, ಕೈಚಳಕ ಎಷ್ಟು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಡಬ್ಬಿ ಹೊರುವುದು ತಪ್ಪುವುದು ಇಲ್ಲೇ.

ಗುರಿಯತ್ತ ಹೊಡೆದ ನೂರು ಶಾಟ್‌ನಲ್ಲಿ ಗೋಲ್ ಆದವು ಎಷ್ಟು ಎಂಬುದು ಶೂಟಿಂಗ್ ಪರ್ಸೆಂಟೇಜ್. ಲೀಗ್‌ನ ಸರಾಸರಿ ಸುಮಾರು 10. ಒಳ್ಳೆಯ ಗೋಲ್‌ಗಾರರು ವರ್ಷ ವರ್ಷ 14, 15 ಇಟ್ಟುಕೊಂಡು ಹೋಗುತ್ತಾರೆ. ಯಾರದ್ದಾದರೂ 20 ದಾಟಿದ್ದರೆ ಎಚ್ಚರ. ವೇಗಸ್ ತಂಡದ ವಿಲಿಯಂ ಕಾರ್ಲ್‌ಸನ್ 2017-18ರಲ್ಲಿ 184 ಶಾಟ್‌ಗೆ 43 ಗೋಲ್ ಹೊಡೆದ, ನೂರಕ್ಕೆ 23ಕ್ಕಿಂತ ಹೆಚ್ಚು. ಮರುವರ್ಷ 24 ಗೋಲ್. ಫ್ಲೋರಿಡಾದ ಸ್ಯಾಮ್ ರೈನ್‌ಹಾರ್ಟ್ 2023-24ರಲ್ಲಿ 233 ಶಾಟ್‌ಗೆ 57 ಗೋಲ್, ಮರುವರ್ಷ 39. ರೈನ್‌ಹಾರ್ಟ್ ಕೆಟ್ಟ ಆಟಗಾರನೇನಲ್ಲ, 39 ಗೋಲ್ ಸಣ್ಣದೂ ಅಲ್ಲ. ಆದರೆ 57ರ ಬೆಲೆ ಕೊಟ್ಟು 39 ತಂದವನಿಗೆ ನಷ್ಟ ನಷ್ಟವೇ.

ಅಡಿಕೆ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವಾರ ರೇಟು ಹಾರಿದಾಗ ಅದೇ ರೇಟು ವರ್ಷವಿಡೀ ಇರುತ್ತದೆ ಅಂತ ಸಾಲ ಮಾಡಿ ಕಾರು ತಂದವರನ್ನು ನಮ್ಮ ಸೀಮೆಯಲ್ಲಿ ಎಲ್ಲರೂ ನೋಡಿದ್ದೇವೆ.

ಮಾಡಬೇಕಾದ್ದು ಇಷ್ಟು. ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಂ ಮಾಡಿ, ಆಟಗಾರನ ನಾಲ್ಕೈದು ವರ್ಷದ ಸರಾಸರಿ ಶೂಟಿಂಗ್ ಪರ್ಸೆಂಟೇಜ್ ಹಾಕಿ. ಹಿಂದಿನ ವರ್ಷದ ಶಾಟ್‌ಗಳನ್ನು ಆ ಸರಾಸರಿಯಿಂದ ಗುಣಿಸಿ. ಬಂದ ಗೋಲ್ ಸಂಖ್ಯೆಗೂ ನಿಜವಾಗಿ ಹೊಡೆದದ್ದಕ್ಕೂ ಎಂಟು ಹತ್ತು ಗೋಲ್ ವ್ಯತ್ಯಾಸ ಇದ್ದರೆ ಬಣ್ಣ ಬಳಿಯಿರಿ. ಹೆಚ್ಚು ಹೊಡೆದವರಿಗೆ ಕೆಂಪು, ಕಡಿಮೆ ಹೊಡೆದವರಿಗೆ ಹಸಿರು. ಜನ ಕೆಂಪಿನ ಹಿಂದೆ ಓಡುತ್ತಾರೆ, ನೀವು ಹಸಿರು ನೋಡಿ.

ಜೊತೆಗಾರ ಯಾರು ಎಂಬುದೂ ಇದೇ ಜಾತಿಯ ಲೆಕ್ಕ. ಮೆಕ್‌ಡೇವಿಡ್‌ನ ಪಕ್ಕದಲ್ಲಿ ಆಡುತ್ತಿದ್ದ ಜ್ಯಾಕ್ ಹೈಮನ್ 2023-24ರಲ್ಲಿ 54 ಗೋಲ್ ಹೊಡೆದ, ಮರುವರ್ಷ 27. ಸರಿಯಾಗಿ ಅರ್ಧ. ಆಟಗಾರ ಪವರ್ ಪ್ಲೇಯ ಮೊದಲ ಐವರಲ್ಲಿ ಇದ್ದಾನೋ ಇಲ್ಲವೋ ನೋಡಿ, ಅಂಕದ ದೊಡ್ಡ ಪಾಲು ಅಲ್ಲಿಂದಲೇ ಬರುವುದು. ಯಾರು ಯಾರ ಜೊತೆ ಆಡುತ್ತಿದ್ದಾರೆ ಎಂಬುದು ಡೈಲಿ ಫೇಸ್‌ಆಫ್ ಎಂಬ ಸೈಟಿನಲ್ಲಿ ಸಿಗುತ್ತದೆ. ತಂಡ ಬದಲಿಸಿದವರ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸೆಪ್ಟೆಂಬರ್‌ನ ಅಭ್ಯಾಸ ಪಂದ್ಯ ನೋಡಿ ಅಳಿಸಿ. 2025ರ ಬೇಸಿಗೆಯಲ್ಲಿ ಮಿಚ್ ಮಾರ್ನರ್ ಟೊರಾಂಟೊ ಬಿಟ್ಟು ವೇಗಸ್‌ಗೆ ಹೋದಾಗ ಭಾವ ಎರಡು ದಿನ ಫೋನ್ ಎತ್ತಲಿಲ್ಲ, ಆದರೆ ಅವನ ಪಟ್ಟಿಯಲ್ಲಿ ಮಾರ್ನರ್ ಇದ್ದಲ್ಲೇ ಇದ್ದ. ಪ್ರೀತಿಯ ಆಟಗಾರನ ಹೆಸರು ತಿದ್ದಲು ಕೈ ಬರುವುದಿಲ್ಲ. ಅಂಥವರ ಜಾಗ ನಿಗದಿ ಮಾಡಲು ಬೇರೆಯವರಿಗೆ ಕೊಡಿ.

ನಾಲ್ಕು: ಕಡೆಯವನ ಲೆಕ್ಕ

ಈಗ ಪ್ರತಿಯೊಬ್ಬನ ಎದುರಿಗೂ ಒಂದು ಅಂದಾಜು ಅಂಕ ಇದೆ. ಅದರ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿದರೆ ಪಟ್ಟಿ ಆಯಿತಲ್ಲ? ಆಗಲಿಲ್ಲ. ನಾನು ಡಬ್ಬಿ ಹೊತ್ತ ಮೊದಲ ವರ್ಷ ಇಲ್ಲೇ ನಿಂತಿದ್ದೆ.

ಕೇಳಬೇಕಾದ ಪ್ರಶ್ನೆ, ಇವನು ಎಷ್ಟು ಅಂಕ ತರುತ್ತಾನೆ ಎಂಬುದಲ್ಲ. ಇವನನ್ನು ಬಿಟ್ಟರೆ ಈ ಜಾಗಕ್ಕೆ ಕಡೆಗೆ ಸಿಗುವವನು ಎಷ್ಟು ತರುತ್ತಾನೆ, ಅವನಿಗಿಂತ ಇವನು ಎಷ್ಟು ಜಾಸ್ತಿ?

ಹತ್ತು ಜನರಿಗೆ ಇಬ್ಬಿಬ್ಬರು ಸೆಂಟರ್ ಅಂದರೆ ಇಪ್ಪತ್ತು. ಇಪ್ಪತ್ತನೆಯ ಸೆಂಟರ್ ಕಡೆಯವನು. ಡಿಫೆಂಡರ್‌ಗಳಲ್ಲಿ ನಲವತ್ತನೆಯವನು ಕಡೆಯವನು. ಲೆಕ್ಕ ತಿಳಿಯಲು ಅಂದಾಜಿಗೆ ಹೀಗೆ ಇಟ್ಟುಕೊಳ್ಳೋಣ: ಇಪ್ಪತ್ತನೆಯ ಸೆಂಟರ್ 95 ಅಂಕ, ನಲವತ್ತನೆಯ ಡಿಫೆಂಡರ್ 45. (ನಿಮ್ಮ ಹಾಳೆಯಲ್ಲಿ ನಿಜವಾದ ಅಂಕಿ ಸಿಗುತ್ತದೆ.) 2024-25ರ ಲೆಕ್ಕದಲ್ಲಿ ಡ್ರೈಸೈಟಲ್ 158, ಅಂದರೆ ಕಡೆಯವನಿಗಿಂತ 63 ಹೆಚ್ಚು. ಕೊಲರಾಡೊದ ಡಿಫೆಂಡರ್ ಕೇಲ್ ಮಕಾರ್ 30 ಗೋಲ್, 62 ಅಸಿಸ್ಟ್, ಒಟ್ಟು 122. ಡ್ರೈಸೈಟಲ್‌ಗಿಂತ 36 ಅಂಕ ಕಡಿಮೆ. ಆದರೆ ಕಡೆಯವನಿಗಿಂತ 77 ಹೆಚ್ಚು! ಅದೇ ತಂಡದ ನೇಥನ್ ಮೆಕಿನಾನ್ 148 ಅಂಕದ ಸೆಂಟರ್, ಹೆಚ್ಚುವರಿ 53 ಮಾತ್ರ.

ಮಕಾರ್ ಡ್ರೈಸೈಟಲ್‌ಗಿಂತ ದೊಡ್ಡ ಆಟಗಾರ ಎಂದಲ್ಲ ಇದರ ಅರ್ಥ. ಅಷ್ಟು ಗೋಲ್ ಹೊಡೆಯುವ ಡಿಫೆಂಡರ್ ಮತ್ತೊಬ್ಬ ಸಿಗುವುದಿಲ್ಲ, ಅಷ್ಟೇ. 30 ಗೋಲ್ ಹೊಡೆಯುವ ಸೆಂಟರ್ ಆರನೇ ಸುತ್ತಿನಲ್ಲೂ ಸಿಕ್ಕಾನು.

ಎಲ್ಲ ಸ್ಥಾನಕ್ಕೂ ಕಡೆಯವನ ಅಂಕ ಕಳೆದು, ಉಳಿದ ಹೆಚ್ಚುವರಿಯ ಮೇಲೆ ಪಟ್ಟಿಯನ್ನು ಹೊಸದಾಗಿ ಜೋಡಿಸಿ. ಇಬ್ಬರ ಹೆಚ್ಚುವರಿ ಒಂದೇ ಇದ್ದರೆ ಎರಡು ಸ್ಥಾನದಲ್ಲಿ ಆಡಿಸಬಹುದಾದವನನ್ನು ಮೇಲೆ ಇಡಿ.

ಗೋಲ್, ಅಸಿಸ್ಟ್, ಶಾಟ್, ಹಿಟ್ (ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದು) ಹೀಗೆ ವಿಭಾಗ ವಿಭಾಗಕ್ಕೆ ಬೇರೆ ಬೇರೆ ಗೆಲುವು ಇರುವ ಲೀಗ್ ನಿಮ್ಮದಾದರೆ ನೇರ ಅಂಕ ಇರುವುದಿಲ್ಲ. ಆಗ ಪ್ರತಿ ವಿಭಾಗದಲ್ಲೂ ಡ್ರಾಫ್ಟ್ ಆಗಬಹುದಾದ 160 ಜನರ ಸರಾಸರಿ ತೆಗೆದು, ಆಟಗಾರನ ಅಂಕಿಯಿಂದ ಅದನ್ನು ಕಳೆದು, ಆ ವಿಭಾಗದ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿ. ಎಕ್ಸೆಲ್‌ನಲ್ಲಿ ಎರಡೂ ಸಿದ್ಧ ಫಾರ್ಮುಲಾಗಳಿವೆ. ಹಾಗೆ ಮಾಡಿದ ಮೇಲೆ ಗೋಲ್‌ನ ಅಂಕಿಯೂ ಹಿಟ್‌ನ ಅಂಕಿಯೂ ಒಂದೇ ಅಳತೆಗೆ ಬರುತ್ತವೆ, ಕೂಡಿಸಬಹುದು. ಅಲ್ಲಿಂದ ಮುಂದೆ ಕಡೆಯವನ ಲೆಕ್ಕ ಇದ್ದ ಹಾಗೇ.

ಐದು: ಗುಡ್ಡೆ ಹಾಕುವುದು

ಮೂರನೆಯ ವರ್ಷದ ಸೆಪ್ಟೆಂಬರ್. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು 47ನೆಯವನನ್ನು 46ಕ್ಕೆ ಏರಿಸಲೋ ಬೇಡವೋ ಅಂತ ಒಂದು ತಾಸಿನಿಂದ ಒದ್ದಾಡುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಅಪ್ಪಯ್ಯ ಪಕ್ಕದಲ್ಲಿ ಸುಲಿದ ಚಾಲಿ ಆರಿಸುತ್ತ ಕೂತಿದ್ದ. ಒಂದೊಂದು ಅಡಿಕೆಯನ್ನೂ ಬೆರಳಲ್ಲಿ ತಿರುಗಿಸುವುದು, ಅನುಮಾನ ಬಂದರೆ ಕತ್ತರಿ ಹಾಕಿ ಒಳಗೆ ನೋಡುವುದು, ಎಸೆಯುವುದು. ಚಾಲಿ ಒಂದು ಕಡೆ, ಬಿಳೆಗೋಟು ಒಂದು ಕಡೆ, ಕೆಂಪುಗೋಟು, ಕೋಕ, ಚಿಪ್ಪು. ಕಣ್ಣೆತ್ತಿ ನನ್ನ ಪರದೆ ನೋಡಿ, "ಎಂತದಾ ತಮಾ, ಅಡಕೆಗೆ ನಂಬರ್ ಹಾಕ್ತಾ ಕೂತ್ಗಂಜ್ಯ?" ಅಂದ.

ನಂಬರ್ ಹಾಕುವುದಲ್ಲ, ಗುಡ್ಡೆ ಹಾಕುವುದು. ಒಂದೇ ಗುಡ್ಡೆಯೊಳಗೆ ಯಾವ ಅಡಿಕೆ ಮೇಲೆ, ಯಾವುದು ಕೆಳಗೆ ಅಂತ ಯಾರೂ ಕೇಳುವುದಿಲ್ಲ. ಒಂದು ಗುಡ್ಡೆಗೂ ಇನ್ನೊಂದಕ್ಕೂ ನಡುವೆ ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ಅಂತರ.

ನಿಮ್ಮ ಪಟ್ಟಿಯನ್ನು ಸ್ಥಾನವಾರು ಬಿಡಿಸಿ, ಹೆಚ್ಚುವರಿ ಅಂಕ ಎಲ್ಲಿ ದಡಕ್ಕನೆ ಇಳಿಯುತ್ತದೋ ಅಲ್ಲಿ ಗೆರೆ ಎಳೆಯಿರಿ. 2024-25ರ ಡಿಫೆಂಡರ್‌ಗಳನ್ನೇ ನೋಡಿ. ಮಕಾರ್ ಪಂದ್ಯಕ್ಕೆ 1.53. ಕ್ವಿನ್ ಹ್ಯೂಸ್ 68 ಪಂದ್ಯದಲ್ಲಿ 16 ಗೋಲ್, 60 ಅಸಿಸ್ಟ್, ಪಂದ್ಯಕ್ಕೆ 1.35. ಕೊಲಂಬಸ್‌ನ ಜ್ಯಾಕ್ ವೆರೆನ್‌ಸ್ಕಿ 81 ಪಂದ್ಯದಲ್ಲಿ 23 ಗೋಲ್, 59 ಅಸಿಸ್ಟ್, 1.30. ಮಾಂಟ್ರಿಯಲ್‌ನ ಲೇನ್ ಹಟ್ಸನ್ 82 ಪಂದ್ಯದಲ್ಲಿ 6 ಗೋಲ್, 60 ಅಸಿಸ್ಟ್, 0.88. ಹ್ಯೂಸ್‌ನಷ್ಟೇ ಅಸಿಸ್ಟ್ ಇದ್ದರೂ ಗೋಲ್‌ಗೆ ಎರಡು ಅಂಕ ಇರುವ ನಮ್ಮ ಲೀಗ್‌ನಲ್ಲಿ ಹಟ್ಸನ್ ಬೇರೆ ಗುಡ್ಡೆ. ಮಕಾರ್ ಒಬ್ಬನೇ ಒಂದು ಗುಡ್ಡೆ. ಹ್ಯೂಸ್, ವೆರೆನ್‌ಸ್ಕಿ ಎರಡನೆಯದು. ಅವರಿಬ್ಬರಲ್ಲಿ ಯಾರು ಮೊದಲು ಅಂತ ತಲೆ ಕೆಡಿಸಿಕೊಳ್ಳಬೇಡಿ, ಯಾರು ಸಿಕ್ಕಿದರೂ ಸರಿ.

ಒಂದು ಸ್ಥಾನಕ್ಕೆ ಏಳೆಂಟಕ್ಕಿಂತ ಹೆಚ್ಚು ಗುಡ್ಡೆ ಬೇಡ. ನಾನು ಸ್ಥಾನಕ್ಕೊಂದು ಹಾಳೆಯಂತೆ ಕಾಗದದ ಮೇಲೇ ಬರೆಯುತ್ತೇನೆ. ಡ್ರಾಫ್ಟ್ ನಡೆಯುವಾಗ ಹೆಸರು ಹೊಡೆದುಹಾಕುತ್ತ ಹೋದರೆ ಯಾವ ಗುಡ್ಡೆ ಬರಿದಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಪರದೆಯ ಮೇಲೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಆರು: ಗೋಲಿಗಳು ಬೇರೆ ಜಾತಿ

2024-25ರಲ್ಲಿ ವಿನಿಪೆಗ್‌ನ ಕಾನರ್ ಹೆಲೆಬಕ್ 47 ಗೆಲುವು, 8 ಶಟ್‌ಔಟ್ (ಒಂದೂ ಗೋಲ್ ಬಿಡದ ಪಂದ್ಯ). ನಮ್ಮ ನಿಯಮದಲ್ಲಿ 110 ಅಂಕ. ಆ ವರ್ಷ ಗೋಲಿಗಳ ವೆಜಿನಾ ಪ್ರಶಸ್ತಿಯ ಜೊತೆ ಇಡೀ ಲೀಗ್‌ನ ಶ್ರೇಷ್ಠ ಆಟಗಾರನ ಹಾರ್ಟ್ ಪ್ರಶಸ್ತಿಯೂ ಅವನಿಗೇ ಬಂತು. ಇದನ್ನು ನೋಡಿದವರಿಗೆ ಮೊದಲ ಸುತ್ತಿನಲ್ಲೇ ಗೋಲಿ ತೆಗೆದುಕೊಳ್ಳುವ ಆಸೆ ಹುಟ್ಟುತ್ತದೆ. ನನ್ನ ಸಲಹೆ ಬೇಡ ಎಂದೇ.

ಲೈನಸ್ ಉಲ್‌ಮಾರ್ಕ್ ಬಾಸ್ಟನ್ ಪರ 2022-23ರಲ್ಲಿ 40 ಪಂದ್ಯ ಗೆದ್ದು ವೆಜಿನಾ ತೆಗೆದುಕೊಂಡ. ಮರುವರ್ಷ ಅದೇ ತಂಡ, ಅದೇ ಗೋಲಿ, 22 ಗೆಲುವು. ಗೋಲಿಯ ಗೆಲುವು ಅವನ ಕೈಯಲ್ಲಿ ಮಾತ್ರ ಇಲ್ಲ, ಅವನ ಮುಂದೆ ಆಡುವ ಸ್ವಂತ ತಂಡದ ಡಿಫೆಂಡರ್‌ಗಳ ಕೈಯಲ್ಲಿದೆ, ಕೋಚ್ ಎಷ್ಟು ಪಂದ್ಯ ಆಡಿಸುತ್ತಾನೆ ಎಂಬುದರಲ್ಲಿದೆ. ಸತತ ಎರಡು ದಿನ ಪಂದ್ಯ ಇದ್ದರೆ ಒಂದಕ್ಕೆ ಎರಡನೇ ಗೋಲಿ ನಿಲ್ಲುವುದು ಮಾಮೂಲು. ಕೆಲವು ತಂಡಗಳು ಇಬ್ಬರಿಗೂ ಅರ್ಧರ್ಧ ಹಂಚುತ್ತವೆ.

ಗೋಲಿಗಳನ್ನು ಮೂರೇ ಗುಡ್ಡೆ ಮಾಡಿ. ಒಳ್ಳೆಯ ತಂಡದಲ್ಲಿ 55ಕ್ಕಿಂತ ಹೆಚ್ಚು ಪಂದ್ಯ ಆಡುವವರು, ಸಾಧಾರಣ ತಂಡದಲ್ಲಿ ಅಷ್ಟೇ ಆಡುವವರು, ಪಾಲುದಾರಿಕೆಯವರು. ಮೊದಲ ಗುಡ್ಡೆಯಿಂದ ಒಬ್ಬನನ್ನು ನಾಲ್ಕು, ಐದನೇ ಸುತ್ತಿನ ಹೊತ್ತಿಗೆ, ಎರಡನೆಯದರಿಂದ ಒಬ್ಬನನ್ನು ಒಂಬತ್ತು, ಹತ್ತರ ಹೊತ್ತಿಗೆ. ಯಾವ ಗೋಲಿ ನಿಲ್ಲುತ್ತಾನೆಂಬ ಸುಳಿವು ಪಂದ್ಯದ ದಿನ ಬೆಳಗಿನ ಅಭ್ಯಾಸದಲ್ಲಿ ಸಿಗುತ್ತದೆ. ಅಲ್ಲಿಯ ಬೆಳಿಗ್ಗೆ ಹತ್ತೂವರೆ ನಮಗೆ ರಾತ್ರಿ ಎಂಟು, ಊಟಕ್ಕೆ ಮುಂಚೆ ನೋಡಿ ತಂಡ ಸರಿ ಮಾಡಿಟ್ಟು ಮಲಗಬಹುದು. ಟೊರಾಂಟೊದ ಸಂಜೆ ಏಳರ ಪಂದ್ಯ ನಮಗೆ ಬೆಳಗಿನ 4.30ಕ್ಕೆ. ನವೆಂಬರ್‌ನಲ್ಲಿ ಅಲ್ಲಿಯವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಎಲ್ಲವೂ ಒಂದು ತಾಸು ತಡ.

ಏಳು: ಸರದಿಯ ಅಂತರ

ಡ್ರಾಫ್ಟ್‌ನ ಸರದಿ ಹಾವಿನಂತೆ ಹೊರಳುತ್ತದೆ. ಮೊದಲ ಸುತ್ತು ಒಂದರಿಂದ ಹತ್ತು, ಎರಡನೆಯದು ಹತ್ತರಿಂದ ಒಂದು. ಹತ್ತು ಜನರ ಲೀಗ್‌ನಲ್ಲಿ ನಿಮ್ಮದು ಮೂರನೇ ಜಾಗ ಆದರೆ ನಿಮ್ಮ ಸರದಿ 3, 18, 23, 38. ಅಂದರೆ 3ರ ನಂತರ ಹದಿನಾಲ್ಕು ಜನ ಹೋಗುತ್ತಾರೆ, 18ರ ನಂತರ ನಾಲ್ಕೇ ಜನ.

ಗುಡ್ಡೆ ಕೆಲಸಕ್ಕೆ ಬರುವುದು ಇಲ್ಲಿ. 18ನೇ ಸರದಿಯಲ್ಲಿ ನಿಮ್ಮೆದುರು ಒಬ್ಬ ವಿಂಗರ್, ಒಬ್ಬ ಡಿಫೆಂಡರ್ ಇದ್ದಾರೆ, ಇಬ್ಬರೂ ಬೇಕು. ವಿಂಗರ್‌ನ ಗುಡ್ಡೆಯಲ್ಲಿ ಇನ್ನೂ ಐವರಿದ್ದಾರೆ, ಡಿಫೆಂಡರ್‌ನ ಗುಡ್ಡೆಯಲ್ಲಿ ಅವನೊಬ್ಬನೇ. ಡಿಫೆಂಡರ್‌ನನ್ನು ತೆಗೆದುಕೊಳ್ಳಿ. 23ಕ್ಕೆ ಬರುವಷ್ಟರಲ್ಲಿ ಹೋಗುವುದು ನಾಲ್ವರು ಮಾತ್ರ, ವಿಂಗರ್ ಗುಡ್ಡೆಯಲ್ಲಿ ಒಬ್ಬನಾದರೂ ಉಳಿದೇ ಉಳಿಯುತ್ತಾನೆ.

ಸೈಟುಗಳು ಸರಾಸರಿ ಎಷ್ಟನೇ ಸರದಿಯಲ್ಲಿ ಯಾರು ಹೋಗುತ್ತಿದ್ದಾರೆ ಎಂಬ ಪಟ್ಟಿ ಕೊಡುತ್ತವೆ. ಅದನ್ನು ನಿಮ್ಮ ಪಟ್ಟಿಯ ಪಕ್ಕ ಬರೆದುಕೊಳ್ಳಿ, ಆರಿಸಲು ಅಲ್ಲ, ಕಾಯಲು. ನಿಮ್ಮ ಹಾಳೆಯಲ್ಲಿ ಮೂವತ್ತನೆಯವನಾದರೂ ಜನ ಎಂಬತ್ತರ ಸುಮಾರಿಗೆ ತೆಗೆದುಕೊಳ್ಳುತ್ತಿರುವ ಆಟಗಾರನಿಗೆ ಮೂರನೇ ಸುತ್ತು ಖರ್ಚು ಮಾಡುವುದು ದಂಡ. ಏಳನೇ ಸುತ್ತಿನವರೆಗೆ ಸುಮ್ಮನಿರಿ. ಹೆಸರು ಬಾಯಿಬಿಡಬೇಡಿ, ಮುಖ್ಯವಾಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ.

ಇನ್ನೊಂದು ಸಂಗತಿ, ಗುಂಪು ಹುಚ್ಚು. ಯಾರೋ ಒಬ್ಬ ಗೋಲಿ ತೆಗೆದುಕೊಂಡ ಕೂಡಲೇ ಸಾಲಾಗಿ ಐದು ಜನ ಗೋಲಿಗಳ ಮೇಲೆ ಬೀಳುತ್ತಾರೆ. ಕಾರವಾರದ ಗೆಳೆಯ ಇದನ್ನು ಮೀನು ಮಾರ್ಕೆಟ್ಟಿನ ಭಾಷೆಯಲ್ಲಿ ಹೇಳುತ್ತಾನೆ: ಬುಟ್ಟಿಯಲ್ಲಿ ಎರಡೇ ಇಸವಾಣ ಉಳಿದಿದೆ ಅಂದರೆ ಬಂಗಡೆ ತರಲು ಹೋದವನೂ ಇಸವಾಣಕ್ಕೆ ಕೈ ಹಾಕುತ್ತಾನೆ, ಹೇಳಿದ ರೇಟು ಕೊಡುತ್ತಾನೆ. ಮೀನು ತಿನ್ನದ ನನಗೂ ಇದು ಅರ್ಥವಾಯಿತು. ಎಲ್ಲರೂ ಗೋಲಿ ಹಿಂದೆ ಬಿದ್ದಾಗ ಒಳ್ಳೆಯ ವಿಂಗರ್‌ಗಳು ಕೆಳಗೆ ಜಾರುತ್ತಿರುತ್ತಾರೆ. ನಿಮ್ಮ ಹಾಳೆ ನೋಡಿ. ಗೋಲಿಗಳ ಎರಡನೇ ಗುಡ್ಡೆ ತುಂಬಿದ್ದರೆ ನೀವು ಬಂಗಡೆಯನ್ನೇ ತನ್ನಿ.

ಎಂಟು: ಡ್ರಾಫ್ಟ್‌ನ ದಿನ

ನಮ್ಮದು ಭಾನುವಾರ ರಾತ್ರಿ ಎಂಟಕ್ಕೆ, ಭಾವನಿಗೆ ಬೆಳಿಗ್ಗೆ ಹತ್ತೂವರೆ. ಮೊದಲ ವರ್ಷ ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಗುಡುಗು ಬಂದು ಕರೆಂಟು ಹೋಯಿತು. ವೈಫೈ ಹೋಯಿತು. ನಮ್ಮೂರಲ್ಲಿ ಮೊಬೈಲ್ ಸಿಗ್ನಲ್ ನೆಟ್ಟಗೆ ಸಿಗುವುದು ಬೇಣದ ತುದಿಯಲ್ಲಿ. ಕೊಡೆ, ಬ್ಯಾಟರಿ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕಿತ್ತುಕೊಳ್ಳುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಂಬತ್ತನೇ ಸುತ್ತು. ಅಷ್ಟರಲ್ಲಿ ಸೈಟು ತನ್ನ ಪಟ್ಟಿಯ ಪ್ರಕಾರ ನನ್ನ ಪರವಾಗಿ ಆರಿಸುತ್ತ ಹೋಗಿತ್ತು: ಮೂವರು ಗೋಲಿ, ಮತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜನವರಿವರೆಗೆ ಆಡದ ಒಬ್ಬ ಸೆಂಟರ್.

ಅದಕ್ಕೇ ಹೇಳುವುದು, ನಿಮ್ಮ ಪಟ್ಟಿಯನ್ನು ಹಿಂದಿನ ದಿನವೇ ಸೈಟಿನಲ್ಲಿ ಹಾಕಿಡಿ. ಹೆಚ್ಚುಕಡಿಮೆ ಎಲ್ಲ ಫ್ಯಾಂಟಸಿ ಸೈಟುಗಳಲ್ಲೂ ಆ ಸೌಲಭ್ಯ ಇದೆ. ನೀವು ಇಲ್ಲದಾಗ ಆಟೋ ಡ್ರಾಫ್ಟ್ ನಿಮ್ಮ ಪಟ್ಟಿಯಿಂದಲೇ ಆರಿಸುತ್ತದೆ. ಗಾಯಾಳುಗಳನ್ನು ಅಲ್ಲಿ ಕೆಳಕ್ಕೆ ಎಳೆದಿಡಿ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಸಿಗ್ನಲ್ ಇರುವ ಕಡೆಯ ಒಬ್ಬ ನಂಬಿಕಸ್ಥನಿಗೆ ಲಾಗಿನ್ ಕೊಟ್ಟಿಡಿ, ಅವನು ಅದೇ ಲೀಗ್‌ನವನಾಗಿರಬಾರದು.

ಕೊನೆಯ ಮೂರು ಸುತ್ತಿಗೆ ಹೆಚ್ಚು ಯೋಚನೆ ಬೇಡ. ಅಲ್ಲಿ ಕಡೆಯವನಂಥವರು ಡ್ರಾಫ್ಟ್ ಆದ ಮೇಲೂ ಪುಕ್ಕಟೆ ಸಿಗುತ್ತಾರೆ. ಹಾಗಾಗಿ ಆದರೆ ಆಯಿತು ಅನ್ನುವಂಥವರನ್ನೇ ತೆಗೆದುಕೊಳ್ಳಿ: ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನವರು, ಹೊಸದಾಗಿ ಪವರ್ ಪ್ಲೇಯ ಮೊದಲ ಐವರಿಗೆ ಸೇರಿದವರು.

ಡ್ರಾಫ್ಟ್ ಮುಗಿದ ಮೇಲೆ ಆ ಹಾಳೆಗಳನ್ನು ಒಲೆಗೆ ಹಾಕಬೇಡಿ. ಹೊಡೆಯದೆ ಉಳಿದ ಹೆಸರುಗಳೇ ಅಕ್ಟೋಬರ್‌ನ ನಿಮ್ಮ ಅಂಗಡಿ. ಮೊದಲ ಎರಡು ವಾರ ಅಂಕ ನೋಡಬೇಡಿ, ಅವು ಮೋಸ ಮಾಡುತ್ತವೆ. ಪಂದ್ಯಕ್ಕೆ ಎಷ್ಟು ನಿಮಿಷ ಮಂಜಿನ ಮೇಲಿದ್ದಾನೆ, ಪವರ್ ಪ್ಲೇಯಲ್ಲಿ ಎಷ್ಟು ಹೊತ್ತು, ಎಷ್ಟು ಶಾಟ್, ಇವು ಮೂರನ್ನು ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆಯುತ್ತ ಹೋಗಿ. ಉಳಿದವರಲ್ಲಿ ಯಾರ ನಿಮಿಷ 15ರಿಂದ 18ಕ್ಕೆ ಏರಿತೋ ಅವನನ್ನು ಎತ್ತಿಕೊಂಡು, ನಿಮ್ಮ ಬೆಂಚಿನ ಹದಿನಾರನೆಯವನನ್ನು ಬಿಡಿ.